ಈಡೇರಿದ ಭರವಸೆಗಳ ಲೆಕ್ಕ



ಚುನಾವಣೆ ಹತ್ತಿರವಾದಾಗ ಅಭ್ಯರ್ಥಿಗಳ ಮಾತಿನ ಬಗ್ಗೆ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹೇಳಿದ್ದನ್ನು ಮಾಡುತ್ತಾರೋ, ಗೆದ್ದ ಮೇಲೆ ಮರೆಯುತ್ತಾರೋ? ಐದು ವರ್ಷ ಕಳೆದ ಮೇಲೆ ಪತ್ರಿಕೆಗಳು ಪ್ರಣಾಳಿಕೆಯನ್ನು ಮುಂದಿಟ್ಟುಕೊಂಡು ಇಷ್ಟು ಈಡೇರಿತು, ಇಷ್ಟು ಬಾಕಿ ಎಂದು ಪಟ್ಟಿ ಮಾಡುತ್ತವೆ. ರಸ್ತೆ, ಪಿಂಚಣಿ, ಅಕ್ಕಿ, ಬಸ್ ಪ್ರಯಾಣದಂಥ ಭರವಸೆಗಳಿಗೆ ಆ ಪಟ್ಟಿ ಸಾಕು. ಅಕ್ಕಿ ಬಂತೋ ಇಲ್ಲವೋ ಎನ್ನುವುದು ಚೀಲ ನೋಡಿದರೆ ತಿಳಿಯುತ್ತದೆ. ವ್ಯಾಪಾರ ಮತ್ತು ಉದ್ಯೋಗದ ವಿಷಯದಲ್ಲಿ ಅದು ಸಾಲದು. ಅಲ್ಲಿ ಪ್ರತಿ ಭರವಸೆಯೊಳಗೂ ಎರಡು ಮಾತಿರುತ್ತವೆ. ‘ಹೊರಗಿನಿಂದ ಬರುವ ಸರಕಿಗೆ ಸುಂಕ ಹಾಕುತ್ತೇನೆ’ ಎನ್ನುವುದು ಒಂದು. ‘ಅದರಿಂದ ನಿಮ್ಮೂರಿನ ಕೆಲಸ ಉಳಿಯುತ್ತದೆ’ ಎನ್ನುವುದು ಇನ್ನೊಂದು. ಮೊದಲನೆಯದು ಸರ್ಕಾರದ ಕೈಯಲ್ಲಿದೆ. ಎರಡನೆಯದನ್ನು ತೀರ್ಮಾನಿಸುವವರು ಕಾರ್ಖಾನೆಯ ಮಾಲೀಕರು, ಸರಕು ಕೊಳ್ಳುವವರು, ಯಂತ್ರ ತಯಾರಿಸುವವರು ಮತ್ತು ಪರದೇಶದ ಸರ್ಕಾರಗಳು. ಇವರಲ್ಲಿ ಯಾರೂ ನಮ್ಮ ಅಭ್ಯರ್ಥಿಯ ಸಭೆಗೆ ಬಂದು ಕೂತವರಲ್ಲ.

ಆದ್ದರಿಂದ ಇವತ್ತು ಮುರಿದ ಭರವಸೆಗಳ ಗೋಜಿಗೆ ನಾನು ಹೋಗುವುದಿಲ್ಲ. ಅವು ಎಲ್ಲರಿಗೂ ಗೊತ್ತಿವೆ, ಬೈಯುವುದೂ ಸುಲಭ. ರಾಜಕಾರಣಿಗಳು ನಿಜಕ್ಕೂ ಉಳಿಸಿಕೊಂಡ ಮಾತುಗಳನ್ನೇ ಹೆಚ್ಚಾಗಿ ಆರಿಸಿಕೊಂಡಿದ್ದೇನೆ. ಸುಂಕ ಹಾಕುತ್ತೇವೆಂದು ಹಾಕಿದರು, ಕಾರ್ಖಾನೆ ಉಳಿಸುತ್ತೇವೆಂದು ಉಳಿಸಿದರು, ಸ್ಥಳೀಯರಿಗಾಗಿ ಕಾಯ್ದೆ ತರುತ್ತೇವೆಂದು ತಂದರು. ಅದಾದ ಮೇಲೆ ಕೆಲಸಗಳ ಗತಿ ಏನಾಯಿತು? ಇಂಥ ಭರವಸೆಗಳು ವಾಸ್ತವಿಕವೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ ಎಂದು ನನ್ನ ನಂಬಿಕೆ.

ಅಮೆರಿಕದಿಂದ ಆರಂಭಿಸುವುದಕ್ಕೆ ಕಾರಣವಿದೆ. ಸುಂಕವನ್ನು ಚುನಾವಣೆಯ ಕಣಕ್ಕೆ ತಂದು, ಗೆದ್ದು, ಜಾರಿ ಮಾಡಿ, ಅದರ ಫಲಾಫಲಗಳನ್ನು ಅಂಕಿಗಳಲ್ಲಿ ಇಷ್ಟು ವಿವರವಾಗಿ ದಾಖಲಿಸಿಟ್ಟ ದೇಶ ಇನ್ನೊಂದಿಲ್ಲ. 1928ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹರ್ಬರ್ಟ್ ಹೂವರ್ ರೈತರಿಗೆ ಮಾತು ಕೊಟ್ಟರು: ಹೊರದೇಶದ ಕೃಷಿ ಉತ್ಪನ್ನಗಳ ಮೇಲೆ ಸುಂಕ ಏರಿಸುತ್ತೇವೆ. ಮೊದಲ ಮಹಾಯುದ್ಧದ ನಂತರ ಬೆಲೆ ಕುಸಿದು ಸಾಲದಲ್ಲಿ ಸಿಲುಕಿದ್ದ ಆ ರೈತರ ಸಂಕಟ ನಿಜವಾದದ್ದೇ. ಗೆದ್ದ ಹೂವರ್ 1929ರಲ್ಲಿ ಅದಕ್ಕಾಗಿಯೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ವಿಶೇಷ ಅಧಿವೇಶನ ಕರೆದರು. ಸದನದಲ್ಲಿ ಮಸೂದೆಯ ಸ್ವರೂಪ ಬದಲಾಯಿತು. ಗೋಧಿ ಸೀಮೆಯ ಸದಸ್ಯನಿಗೆ ಜವಳಿ ಸೀಮೆಯವನ ಮತ ಬೇಕು, ಜವಳಿಯವನಿಗೆ ಸಕ್ಕರೆಯವನದು. ನನ್ನ ಸರಕಿಗೆ ನೀನು, ನಿನ್ನ ಸರಕಿಗೆ ನಾನು ಎಂಬ ಕೊಡುಕೊಳ್ಳುವಿಕೆಯಲ್ಲಿ ರೈತರ ಹೆಸರಿನ ಮಸೂದೆ ಸಾವಿರಾರು ಕೈಗಾರಿಕಾ ವಸ್ತುಗಳ ಸುಂಕದ ಮಸೂದೆಯಾಗಿ ಹೊರಬಂತು. ಸಹಿ ಹಾಕಬೇಡಿ ಎಂದು ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಮನವಿ ಕೊಟ್ಟರು. 1930ರ ಜೂನ್ 17ರಂದು ಹೂವರ್ ಸಹಿ ಹಾಕಿದರು. ಸ್ಮೂಟ್-ಹಾಲಿ ಕಾಯ್ದೆ ಎಂದು ಇತಿಹಾಸದಲ್ಲಿ ಹೆಸರಾದದ್ದು ಅದೇ.

ಆ ಕಾಯ್ದೆಯಲ್ಲಿ ಕೋಳಿಮೊಟ್ಟೆಯ ಮೇಲಿನ ಸುಂಕವನ್ನು ಡಜನ್‌ಗೆ 8 ಸೆಂಟ್‌ನಿಂದ 10 ಸೆಂಟ್‌ಗೆ ಏರಿಸಲಾಗಿತ್ತು. ಅಮೆರಿಕ ಕೆನಡಾದಿಂದ ಮೊಟ್ಟೆ ತರಿಸಿಕೊಳ್ಳುತ್ತಿದ್ದದ್ದಕ್ಕಿಂತ ಅಲ್ಲಿಗೆ ಕಳಿಸುತ್ತಿದ್ದದ್ದೇ ಹೆಚ್ಚು. ಕೆನಡಾ ಸುಮ್ಮನಿರಲಿಲ್ಲ, ತನ್ನ ಸುಂಕವನ್ನು 3 ಸೆಂಟ್‌ನಿಂದ ನೇರ 10 ಸೆಂಟ್‌ಗೆ ಏರಿಸಿತು. 1929ರಲ್ಲಿ ಕೆನಡಾಕ್ಕೆ ಹೋಗುತ್ತಿದ್ದ ಸುಮಾರು 9 ಲಕ್ಷ ಡಜನ್ ಅಮೆರಿಕನ್ ಮೊಟ್ಟೆ 1932ರ ಹೊತ್ತಿಗೆ ಕೆಲವು ಸಾವಿರ ಡಜನ್‌ಗೆ ಇಳಿಯಿತು. ಭರವಸೆ ಕೊಟ್ಟದ್ದು ರೈತನಿಗೆ, ಮಾತು ಉಳಿಸಿಕೊಂಡದ್ದು ರೈತನಿಗಾಗಿ, ಪೆಟ್ಟು ಬಿದ್ದದ್ದೂ ರೈತನಿಗೆ. ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1930ರ ಜುಲೈನಲ್ಲಿ ಕೆನಡಾದಲ್ಲೂ ಚುನಾವಣೆ ಇತ್ತು. ಅಲ್ಲಿ ಗೆದ್ದ ಆರ್. ಬಿ. ಬೆನೆಟ್ ಸುಂಕವನ್ನೇ ಅಸ್ತ್ರವಾಗಿ ಬಳಸಿ ಕೆನಡಿಯನ್ನರಿಗೆ ಮಾರುಕಟ್ಟೆ ಮತ್ತು ಕೆಲಸ ಕೊಡಿಸುತ್ತೇನೆ ಎಂದು ಮತ ಕೇಳಿದವರು. ಗಡಿಯ ಎರಡೂ ಕಡೆ ಜನ ಒಂದೇ ಭರವಸೆಗೆ ಮತ ಹಾಕಿದ್ದರು. ಎರಡೂ ಏಕಕಾಲಕ್ಕೆ ಫಲಿಸುವುದು ಹೇಗೆ? ಮಹಾ ಆರ್ಥಿಕ ಕುಸಿತಕ್ಕೆ ಈ ಸುಂಕವೇ ಮೂಲ ಎಂದು ಕೆಲವರು ಬರೆಯುತ್ತಾರೆ. ಅದು ಅತಿಯಾಯಿತು, ಬ್ಯಾಂಕುಗಳ ಪತನದ ಪಾಲು ಅದಕ್ಕಿಂತ ದೊಡ್ಡದು. ಆದರೆ ಕುಸಿಯುತ್ತಿದ್ದ ವ್ಯಾಪಾರ ಚೇತರಿಸಿಕೊಳ್ಳದಂತೆ ಅದು ಅಡ್ಡ ನಿಂತಿತು ಎಂಬುದರಲ್ಲಿ ತಕರಾರಿಲ್ಲ.

ಹತ್ತಿರದ ಕಾಲಕ್ಕೆ ಬರೋಣ. ಜಾರ್ಜ್ ಡಬ್ಲ್ಯು. ಬುಷ್ 2002ರ ಮಾರ್ಚ್‌ನಲ್ಲಿ ಉಕ್ಕಿನ ಆಮದಿಗೆ ಶೇ. 30ರವರೆಗೆ ಸುಂಕ ಹಾಕಿದರು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸೋತು, ಯುರೋಪು ಪ್ರತಿಸುಂಕದ ಪಟ್ಟಿ ಹಿಡಿದು ನಿಂತಾಗ 2003ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡರು. ಬರಾಕ್ ಒಬಾಮ 2009ರಲ್ಲಿ ಚೀನಾದ ಟೈರುಗಳಿಗೆ ಶೇ. 35 ಸುಂಕ ಹಾಕಿದರು. ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಕೆಲಸ ಉಳಿಯಿತು ಎಂದು 2012ರಲ್ಲಿ ಸಂಸತ್ತಿನ ಮುಂದೆ ಹೇಳಿಕೊಂಡರು. ಆ ಮಾತು ಸುಳ್ಳಲ್ಲ. ವಾಷಿಂಗ್ಟನ್ನಿನ ಒಂದು ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಂತೆ ಹೆಚ್ಚೆಂದರೆ 1,200 ಕೆಲಸಗಳು ಉಳಿದವು. ಅದಕ್ಕಾಗಿ ಟೈರು ಕೊಂಡವರು ಒಂದೇ ವರ್ಷದಲ್ಲಿ ಹೆಚ್ಚುವರಿಯಾಗಿ ತೆತ್ತದ್ದು ಸುಮಾರು 110 ಕೋಟಿ ಡಾಲರ್. ಅಂದರೆ ಒಂದು ಕೆಲಸಕ್ಕೆ 9 ಲಕ್ಷ ಡಾಲರ್ ಬಿತ್ತು. ಆ ಕಾರ್ಮಿಕನಿಗೆ ಸಿಕ್ಕ ಸಂಬಳ ಅದರ ಸಣ್ಣದೊಂದು ಪಾಲು.

ಡೊನಾಲ್ಡ್ ಟ್ರಂಪ್ ಅವರ ಮೊದಲ ಅವಧಿಯ ಬಟ್ಟೆ ಒಗೆಯುವ ಯಂತ್ರಗಳ ಪ್ರಕರಣ ಇನ್ನೂ ಸ್ವಾರಸ್ಯದ್ದು. 2018ರ ಜನವರಿಯಲ್ಲಿ ಆಮದಾಗುವ ವಾಷಿಂಗ್ ಮೆಷಿನ್‌ಗಳಿಗೆ ಸುಂಕ ಬಿತ್ತು. ಕೊರಿಯಾದ ಸ್ಯಾಮ್ಸಂಗ್ ದಕ್ಷಿಣ ಕೆರೊಲಿನಾದಲ್ಲಿ, ಎಲ್‌ಜಿ ಟೆನೆಸಿಯಲ್ಲಿ ಕಾರ್ಖಾನೆ ತೆರೆದವು. ಭರವಸೆ ಅಕ್ಷರಶಃ ಈಡೇರಿತು ಎನ್ನಬೇಕು: ಅರ್ಥಶಾಸ್ತ್ರಜ್ಞರ ಅಂದಾಜಿನಂತೆ ಸುಮಾರು 1,800 ಹೊಸ ಕೆಲಸಗಳು ಹುಟ್ಟಿದವು. ಯಂತ್ರದ ಬೆಲೆ ಶೇ. 12ರಷ್ಟು ಏರಿತು. ಅದು ನಿರೀಕ್ಷಿತವೇ. ಆದರೆ ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್‌ಗಳ ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ ಏರಿತು! ಅಮೆರಿಕದ ಮನೆಗಳಲ್ಲಿ ಒಗೆಯುವ ಯಂತ್ರ ಮತ್ತು ಒಣಗಿಸುವ ಯಂತ್ರವನ್ನು ಜೋಡಿಯಾಗಿ ಕೊಳ್ಳುವ ರೂಢಿ. ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿಬಿಟ್ಟರು. ಜನ ವರ್ಷಕ್ಕೆ 150 ಕೋಟಿ ಡಾಲರ್ ಹೆಚ್ಚು ಕೊಟ್ಟರು. ಒಂದು ಕೆಲಸಕ್ಕೆ 8 ಲಕ್ಷ ಡಾಲರಿಗೂ ಮೇಲೆ. ಸುಂಕದ ಆದೇಶ ಬರೆದ ಅಧಿಕಾರಿ ಡ್ರೈಯರಿನ ಹೆಸರನ್ನೇ ಎತ್ತಿರಲಿಕ್ಕಿಲ್ಲ.

ಕಾರ್ಖಾನೆ ಉಳಿಸುವ ಭರವಸೆಗೆ ಇಂಡಿಯಾನಾಪೊಲಿಸ್‌ನ ಕ್ಯಾರಿಯರ್ ಕಂಪನಿಯ ಘಟಕವನ್ನು ನೋಡಬಹುದು. ಅದು ಮೆಕ್ಸಿಕೋದ ಮಾಂಟೆರೆಗೆ ಹೊರಟಿತ್ತು. 2016ರ ಪ್ರಚಾರದುದ್ದಕ್ಕೂ ಟ್ರಂಪ್ ಅದರ ಹೆಸರು ಹೇಳಿದರು, ಗೆದ್ದ ಕೂಡಲೇ, ಅಧಿಕಾರ ವಹಿಸಿಕೊಳ್ಳುವ ಮೊದಲೇ ಒಪ್ಪಂದ ಮಾಡಿಸಿದರು. ಇಂಡಿಯಾನಾ ರಾಜ್ಯ 70 ಲಕ್ಷ ಡಾಲರ್ ರಿಯಾಯಿತಿ ಕೊಟ್ಟಿತು. ಸುಮಾರು 800 ಕಾರ್ಮಿಕರ ಕೆಲಸ ಉಳಿಯಿತು. ಕೆಲವೇ ದಿನಗಳಲ್ಲಿ ಮಾತೃ ಕಂಪನಿಯ ಮುಖ್ಯಸ್ಥರು ಟೆಲಿವಿಷನ್‌ನಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಇದೇ ಘಟಕದಲ್ಲಿ ಯಂತ್ರೀಕರಣಕ್ಕೆ 160 ಲಕ್ಷ ಡಾಲರ್ ಹೂಡುತ್ತೇವೆ, ಕೊನೆಗೆ ಕೆಲಸಗಳು ಕಡಿಮೆಯೇ ಆಗುತ್ತವೆ. ಇಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ನನಗಂತೂ ಯಾರೂ ಕಾಣುವುದಿಲ್ಲ. ಕಾರ್ಖಾನೆ ಉಳಿಸುವುದು ಬೇರೆ, ಅದರೊಳಗಿನ ಕೆಲಸ ಉಳಿಸುವುದು ಬೇರೆ. ಉಕ್ಕಿನ ಉದ್ಯಮದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕಾಣಬಹುದು. 1962ರಿಂದ 2005ರ ನಡುವೆ ಅಮೆರಿಕದ ಉಕ್ಕಿನ ಕಾರ್ಖಾನೆಗಳು ನಾಲ್ಕರಲ್ಲಿ ಮೂರು ಪಾಲು ಕಾರ್ಮಿಕರನ್ನು, ಅಂದರೆ ಸುಮಾರು 4 ಲಕ್ಷ ಜನರನ್ನು ಕಳೆದುಕೊಂಡವು. ಹೊರಬೀಳುವ ಉಕ್ಕಿನ ಪ್ರಮಾಣ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಉಳಿಯಿತು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ಸಣ್ಣ ಗಿರಣಿಗಳು ಬಂದದ್ದು ಇದಕ್ಕೆ ಮುಖ್ಯ ಕಾರಣ. ಕುಲುಮೆಗೆ ಸುಂಕ ಹಾಕುವ ಭರವಸೆಯನ್ನು ಯಾವ ಅಭ್ಯರ್ಥಿಯೂ ಕೊಟ್ಟಿಲ್ಲ.

ಇಷ್ಟು ಕೇಳಿದವರು ನನ್ನನ್ನು ಮುಕ್ತ ವ್ಯಾಪಾರದ ವಕೀಲ ಎಂದುಕೊಂಡರೆ ಆಶ್ಚರ್ಯವಿಲ್ಲ. ಆ ಪಾಳಯದ ಭರವಸೆಗಳನ್ನೂ ಇದೇ ತಕ್ಕಡಿಗೆ ಹಾಕಬೇಕಾದದ್ದು ನ್ಯಾಯ. 1993ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದವನ್ನು ಜಾರಿಗೊಳಿಸುವ ಕಾಯ್ದೆಗೆ ಸಹಿ ಹಾಕುತ್ತ ಬಿಲ್ ಕ್ಲಿಂಟನ್ ಎರಡೇ ವರ್ಷಗಳಲ್ಲಿ 2 ಲಕ್ಷ ಹೊಸ ಕೆಲಸ ಎಂದಿದ್ದರು. ಅದಕ್ಕೂ ಮೊದಲು, 1992ರ ಚುನಾವಣೆಯಲ್ಲಿ ರಾಸ್ ಪೆರೋ ಕೆಲಸಗಳೆಲ್ಲ ಮೆಕ್ಸಿಕೋದ ಕಡೆಗೆ ಹರಿದು ಹೋಗುತ್ತವೆ ಎಂದು ಎಚ್ಚರಿಸಿದ್ದರು. ಅಮೆರಿಕದ ಸಂಸತ್ತಿನ ಸಂಶೋಧನಾ ವಿಭಾಗ ಕೊನೆಗೆ ಕಂಡುಕೊಂಡದ್ದು ಇಬ್ಬರಿಗೂ ನಿರಾಸೆ ತರುವ ಸಂಗತಿ: ಒಟ್ಟಾರೆ ಪರಿಣಾಮ ಸಾಧಾರಣ. ಚೀನಾದ ವಿಷಯ ಹಾಗಲ್ಲ. 2001ರ ಡಿಸೆಂಬರ್‌ನಲ್ಲಿ ಅದು ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. 1999ರಿಂದ 2011ರವರೆಗೆ ಚೀನಾದ ಸರಕಿನ ಸ್ಪರ್ಧೆಯಿಂದ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋದವು ಎಂದು ಬಹಳ ಚರ್ಚೆಗೊಳಗಾದ ಅಧ್ಯಯನಗಳು ಹೇಳುತ್ತವೆ. ಅಷ್ಟು ದೊಡ್ಡ ದೇಶಕ್ಕೆ ಅದು ಭಾರಿ ಸಂಖ್ಯೆಯಲ್ಲ ಎಂದು ವಾದಿಸಬಹುದು. ಆದರೆ ಅವು ದೇಶದ ತುಂಬ ಹಂಚಿಹೋಗಿರಲಿಲ್ಲ. ಪೀಠೋಪಕರಣ, ಬಟ್ಟೆ, ಆಟಿಕೆ ತಯಾರಿಸುವ ಕೆಲವು ಪಟ್ಟಣಗಳ ಮೇಲೆ ಒಟ್ಟಿಗೆ ಎರಗಿದವು. ಕೆಲಸ ಹೋದವರು ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಾರೆ ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ಬಹುಪಾಲು ಜನ ಹೋಗಲಿಲ್ಲ. ಮನೆ, ಸಾಲ, ವಯಸ್ಸಾದ ತಂದೆತಾಯಿ, ಮಕ್ಕಳ ಶಾಲೆ ಇರುವವರು ಹೋಗುವುದಾದರೂ ಎಲ್ಲಿಗೆ?

ಇಂಥವರಿಗೆ ಪರಿಹಾರ ಕೊಡುತ್ತೇವೆ ಎನ್ನುವುದೂ ಒಂದು ಭರವಸೆಯೇ. 1962ರಲ್ಲಿ ಜಾನ್ ಕೆನಡಿ ವ್ಯಾಪಾರ ಕಾಯ್ದೆಯ ಜೊತೆಗೇ, ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಭತ್ಯೆ ಮತ್ತು ಮರುತರಬೇತಿ ಕೊಡುವ ಯೋಜನೆ ತಂದರು. ನಿಯಮಗಳು ಎಷ್ಟು ಬಿಗಿಯಾಗಿದ್ದವೆಂದರೆ 1969ರವರೆಗೆ ಒಂದು ಅರ್ಜಿಯೂ ಮಂಜೂರಾಗಲಿಲ್ಲ. ಮುಂದೆ ಯೋಜನೆ ಸಡಿಲವಾಯಿತು, ಬೆಳೆಯಿತು, ಮತ್ತೆ ಸೊರಗಿತು. 2022ರ ಜುಲೈ 1ರಿಂದ ಅದರ ಅವಧಿಯನ್ನು ಯಾರೂ ವಿಸ್ತರಿಸಲಿಲ್ಲ. ಎರಡೂ ಪಕ್ಷಗಳು ಸುಂಕದ ಬಗ್ಗೆ ಗಂಟಲು ಹರಿಯುವಂತೆ ಕೂಗಾಡುತ್ತಿದ್ದ ವರ್ಷಗಳಲ್ಲೇ ಈ ಯೋಜನೆ ಸದ್ದಿಲ್ಲದೆ ಮುಗಿಯಿತು. ಮುಕ್ತ ವ್ಯಾಪಾರದ ಪರವಾದ ವಾದ ನೈತಿಕವಾಗಿ ನಿಂತಿರುವುದೇ ಗೆದ್ದವರು ಸೋತವರಿಗೆ ಕೊಡುತ್ತಾರೆ ಎಂಬ ಊಹೆಯ ಮೇಲೆ. ಅದನ್ನು ಕೊಡದೆ ಹೋದ ಮೇಲೆ ಜನ ಸುಂಕದ ಮಾತಿಗೆ ಕಿವಿಗೊಟ್ಟದ್ದನ್ನು ಅಜ್ಞಾನ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ಸಭಿಕರೇ, ಇನ್ನು ನಮ್ಮ ಸೀಮೆಗೆ ಬರುತ್ತೇನೆ. ಸುಂಕದ ರಾಜಕಾರಣ ಕರ್ನಾಟಕಕ್ಕೆ ಹೊಸದಲ್ಲ. ರೇಷ್ಮೆ ಮತ್ತು ಅಡಿಕೆ ಬೆಳೆಯುವ ಜಿಲ್ಲೆಗಳ ಮತದಾರನಿಗೆ ಆಮದು ಸುಂಕದ ಶೇಕಡಾವಾರು ಬಾಯಿಪಾಠವಾಗಿರುತ್ತದೆ.

ರೇಷ್ಮೆಯ ಮಾತು. 2011ರ ಫೆಬ್ರವರಿಯ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. ನೇಕಾರರಿಗೆ ನೂಲು ಅಗ್ಗವಾಗಿ ಸಿಗಲಿ ಎಂಬುದು ಕಾರಣ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರ ಬಜೆಟ್‌ನಲ್ಲಿ ಸುಂಕ ಶೇ. 15ಕ್ಕೆ ಏರಿತು, ಆಮೇಲೆ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 15 ಆಯಿತು. ಹತ್ತು ವರ್ಷಗಳ ಈ ಏರಿಳಿತವನ್ನು ದೆಹಲಿಯ ಚಂಚಲಚಿತ್ತ ಎಂದು ಹಾಸ್ಯ ಮಾಡಬಹುದು. ವಾಸ್ತವವಾಗಿ ಅದು ಎರಡು ಕಸುಬುಗಳ ನಡುವಿನ ಜಗ್ಗಾಟ. ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಚಂದ್ರಿಕೆಯಿಂದ ಗೂಡು ಬಿಡಿಸುವವನಿಗೆ ಮತ್ತು ಅದನ್ನು ಹರಾಜಿನಲ್ಲಿ ಕೂಗಿ ಕೊಂಡು ನೂಲು ತೆಗೆಯುವ ರೀಲರಿಗೆ ಚೀನಾದ ನೂಲು ವೈರಿ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದವನಿಗೆ, ಕಂಚಿ, ಬನಾರಸಿನ ನೇಕಾರನಿಗೆ ಅದೇ ನೂಲು ಕಚ್ಚಾ ಮಾಲು. ಒಬ್ಬನ ಸಿದ್ಧ ಸರಕು ಇನ್ನೊಬ್ಬನ ಬಂಡವಾಳ.

ವಿಷಯ ಇನ್ನೂ ಸೂಕ್ಷ್ಮವಾಗಿದೆ. ವೇಗವಾಗಿ ಓಡುವ ಮಗ್ಗದಲ್ಲಿ ಹಾಸಿನ ಎಳೆ ಬಿಗಿ ತಡೆದುಕೊಳ್ಳಬೇಕು. ಸಮನಾದ, ಗಟ್ಟಿಯಾದ ದ್ವಿತಳಿ ನೂಲು ಅದಕ್ಕೆ ಬೇಕು. ಅದು ಬಹುಕಾಲ ಚೀನಾದಿಂದಲೇ ಹೆಚ್ಚಾಗಿ ಬರುತ್ತಿತ್ತು. ನಮ್ಮ ರೈತರು ಹೆಚ್ಚಾಗಿ ಬೆಳೆಯುತ್ತ ಬಂದ ಮಿಶ್ರತಳಿ ಗೂಡಿನ ನೂಲು ಹೊಕ್ಕಿಗೆ ಹೋಗುತ್ತದೆ. ಹೀಗೆ ಒಂದೇ ಸೀರೆಯಲ್ಲಿ ಹಾಸು ಚೀನಾದ್ದು, ಹೊಕ್ಕು ಕರ್ನಾಟಕದ್ದು. ಹಾಸಿನ ನೂಲು ದುಬಾರಿಯಾಗಿ ಸೀರೆಯ ಬೆಲೆ ಏರಿದರೆ ಕೊಳ್ಳುವವರು ಪಾಲಿಯೆಸ್ಟರಿನತ್ತ ತಿರುಗಬಹುದು. ಆಗ ಮಗ್ಗ ನಿಲ್ಲುತ್ತದೆ, ಹೊಕ್ಕಿನ ನೂಲಿಗೂ ಬೇಡಿಕೆ ಕುಗ್ಗುತ್ತದೆ. ಸುಂಕದಿಂದ ಯಾರನ್ನು ಕಾಪಾಡಲು ಹೊರಟೆವೋ ಅವರ ಕೈಗೇ ಅದು ಎಡರಾಗಬಹುದು. ಹಾಗಾದರೆ ಸುಂಕವೇ ಬೇಡವೇ? ಅಷ್ಟು ಸರಳವಾಗಿಯೂ ಹೇಳಲಾರೆ. ಶೇ. 25ರಷ್ಟು ಸುಂಕವನ್ನು ಒಂದೇ ಬಜೆಟ್ಟಿನಲ್ಲಿ ಕಿತ್ತುಹಾಕಿ, ಬೆಳೆಗಾರನಿಗೆ ದ್ವಿತಳಿಗೆ ಬದಲಾಗಲು ಮೂರು ಬೆಳೆಯ ಕಾಲವನ್ನೂ ಕೊಡದಿದ್ದದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ. ಸ್ವಯಂಚಾಲಿತ ಬಿಚ್ಚಾಣಿಕೆ ಘಟಕಗಳು, ದ್ವಿತಳಿ ಗೂಡಿಗೆ ಪ್ರೋತ್ಸಾಹಧನ, ಎಳೆಯ ಹುಳುಗಳ ಚಾಕಿ ಸಾಕಾಣಿಕೆ ಕೇಂದ್ರಗಳು ನಿಜವಾಗಿ ಆ ಸುಂಕದ ಕೆಲಸವನ್ನು ಮಾಡಬೇಕಾದವು. ಇವುಗಳನ್ನು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ, ಅದು ನಿಜ.

ಅಡಿಕೆಯ ಮಾತು ಬೇರೆ ರೀತಿಯದು. ಅಲ್ಲಿ ಮೊದಲು ಕೇಳಬೇಕಾದದ್ದು, ಭರವಸೆ ಕೊಡುತ್ತಿರುವವನಿಗೆ ಆ ಅಧಿಕಾರ ಇದೆಯೇ ಎಂದು. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 41ನೇ ನಮೂದು ವಿದೇಶ ವ್ಯಾಪಾರವನ್ನೂ 83ನೇ ನಮೂದು ಸೀಮಾ ಸುಂಕವನ್ನೂ ಒಕ್ಕೂಟಕ್ಕೆ ಬಿಟ್ಟಿವೆ. ವಿಧಾನಸಭೆಯ ಚುನಾವಣೆಯಲ್ಲಿ ಅಡಿಕೆ ಆಮದು ನಿಲ್ಲಿಸುತ್ತೇನೆ ಎನ್ನುವ ಅಭ್ಯರ್ಥಿ, ಗೆದ್ದರೂ ದೆಹಲಿಗೆ ಒಂದು ಮನವಿ ಪತ್ರ ಒಯ್ಯಬಲ್ಲ, ಅಷ್ಟೇ. ದೆಹಲಿಯೂ ಕೈಕಟ್ಟಿ ಕೂರುವುದಿಲ್ಲ ಎನ್ನಿ. ಶೇ. 100 ಸುಂಕ ಇದ್ದೇ ಇತ್ತು. ಅದರ ಮೇಲೆ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ ಅಧಿಸೂಚನೆ ಬಂದದ್ದು 2023ರ ಫೆಬ್ರವರಿಯಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಕರ್ನಾಟಕದ ಚುನಾವಣೆ ಇತ್ತು ಎಂಬುದನ್ನು ಶಿವಮೊಗ್ಗ, ದಕ್ಷಿಣ ಕನ್ನಡದವರಿಗೆ ನೆನಪಿಸಬೇಕಾಗಿಲ್ಲ. ಅದೇ ಸರ್ಕಾರ ಅದಕ್ಕೆ ಐದು ತಿಂಗಳ ಮೊದಲು ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಹಂಗಿಲ್ಲದೆ ತರಲು ಅನುಮತಿ ಕೊಟ್ಟಿತ್ತು. ನೆರೆದೇಶದ ಸ್ನೇಹವೂ ಒಂದು ಬಾಧ್ಯತೆ. ತೀರ್ಥಹಳ್ಳಿಯ ತೋಟದಿಂದ ನೋಡಿದರೆ ಅದು ದ್ರೋಹದಂತೆ ಕಾಣಬಹುದು, ದೆಹಲಿಯಿಂದ ನೋಡಿದರೆ ವಿದೇಶಾಂಗ ನೀತಿ. ಇನ್ನು ಕಳ್ಳಸಾಗಣೆ. ಒಳಗಿನ ಮತ್ತು ಹೊರಗಿನ ಬೆಲೆಯ ಅಂತರ ಹೆಚ್ಚಿದಷ್ಟೂ ಮ್ಯಾನ್ಮಾರ್ ಗಡಿಯ ದಾರಿ ಲಾಭದಾಯಕವಾಗುತ್ತದೆ. ಕಂದಾಯ ಗುಪ್ತಚರ ಇಲಾಖೆ ಆಗಾಗ ಹಿಡಿಯುವ ಅಡಿಕೆ ಮೂಟೆಗಳು ಅದಕ್ಕೆ ಸಾಕ್ಷಿ. ಆದರೂ ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ: ನಾನು ಇಲ್ಲಿ ಎತ್ತಿರುವ ಭರವಸೆಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಬಹುಶಃ ಇದೇ. ಅಡಿಕೆಯನ್ನು ಕಚ್ಚಾ ಮಾಲಾಗಿ ಬಳಸುವವರ ಕೂಗಿಗೆ ಸಂಘಟಿತ ಬಲವಿಲ್ಲ, ತಿನ್ನುವವನು ಬೆಲೆ ಏರಿದರೂ ಬಿಡುವುದಿಲ್ಲ.

ಸಂಖ್ಯೆಗಳನ್ನು ಹೇಳಿ ಕೊಡುವ ಭರವಸೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2011ರ ರಾಷ್ಟ್ರೀಯ ತಯಾರಿಕಾ ನೀತಿ 2022ರೊಳಗೆ ತಯಾರಿಕೆಯ ಪಾಲು ಜಿಡಿಪಿಯ ಶೇ. 25 ಆಗಬೇಕು, 10 ಕೋಟಿ ಉದ್ಯೋಗ ಹುಟ್ಟಬೇಕು ಎಂದಿತು. 2014ರಲ್ಲಿ ಸರ್ಕಾರ ಬದಲಾಯಿತು, ‘ಮೇಕ್ ಇನ್ ಇಂಡಿಯಾ’ ಬಂತು, ಗುರಿ ಮಾತ್ರ ಅದೇ: 25, 10 ಕೋಟಿ, 2022. ಪರಸ್ಪರ ಮುಖ ನೋಡದ ಎರಡು ಪಕ್ಷಗಳು ಇಷ್ಟು ಒಮ್ಮತದಿಂದ ಒಪ್ಪಿದ್ದು ಬೇರೆ ಯಾವುದಾದರೂ ಇದೆಯೇ ಎಂದು ಹುಡುಕಬೇಕು. 2022 ಬಂದು ಹೋಯಿತು. ಆ ಪಾಲು ಹೇಳಿಕೊಳ್ಳುವಷ್ಟು ಮೇಲೇರಲಿಲ್ಲ. ರಾಜ್ಯಗಳ ಹೂಡಿಕೆದಾರರ ಸಮಾವೇಶಗಳ ಅಂಕಿಗಳೂ ಇದೇ ಜಾತಿಯವು. 2010ರ ಸಮಾವೇಶದಲ್ಲಿ ಪೋಸ್ಕೊ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ 32,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಸಹಿ ಹಾಕಿತು. ರೈತರ ವಿರೋಧದ ನಂತರ 2013ರಲ್ಲಿ ಕೈಬಿಟ್ಟಿತು. ಜಮೀನು ಕೊಡುವವನ ಒಪ್ಪಿಗೆ ಇಲ್ಲದೆಯೇ ಕೆಲಸ ಸಿಗುವವನ ಲೆಕ್ಕ ಆಗಿಹೋಗಿತ್ತು.

ಸರ್ಕಾರಿ ನೌಕರಿಯ ಭರವಸೆ ಇವಕ್ಕಿಂತ ನಂಬಲರ್ಹ, ಏಕೆಂದರೆ ನೇಮಕಾತಿ ಆದೇಶಕ್ಕೆ ಸಹಿ ಹಾಕುವವನೇ ಭರವಸೆ ಕೊಡುತ್ತಿರುತ್ತಾನೆ. ಬಿಹಾರದಲ್ಲಿ 2023ರ ನವೆಂಬರಿನಲ್ಲಿ ಒಂದೇ ದಿನ ಸುಮಾರು 1.2 ಲಕ್ಷ ಶಿಕ್ಷಕರಿಗೆ ನೇಮಕಾತಿ ಪತ್ರ ಕೊಟ್ಟದ್ದು ಮೂರು ವರ್ಷ ಹಿಂದಿನ ಚುನಾವಣೆಯ ಮಾತಿನ ಬೆನ್ನಿಗೇ ಬಂದದ್ದು. ಅದೇ ರಾಜ್ಯದಲ್ಲಿ 2025ರ ಹೊತ್ತಿಗೆ ಮಾತು ‘ಮನೆಗೊಂದು ಸರ್ಕಾರಿ ನೌಕರಿ’ ಎನ್ನುವವರೆಗೆ ಬೆಳೆಯಿತು. ಎರಡೂವರೆ ಕೋಟಿಗೂ ಹೆಚ್ಚು ಕುಟುಂಬಗಳಿರುವ ರಾಜ್ಯ ಅದು. ಆ ಸಂಬಳದ ಲೆಕ್ಕ ಹಾಕಲು ಅರ್ಥಶಾಸ್ತ್ರಜ್ಞ ಬೇಕಾಗಿಲ್ಲ.

ಸ್ಥಳೀಯರಿಗೆ ಉದ್ಯೋಗ ಎಂಬ ಭರವಸೆ ಕರ್ನಾಟಕದಲ್ಲಿ ಆಳವಾದ ಬೇರು ಬಿಟ್ಟಿದೆ. 1980ರ ದಶಕದ ಸರೋಜಿನಿ ಮಹಿಷಿ ಸಮಿತಿಯ ವರದಿಯಿಂದ ಹಿಡಿದು 2024ರ ಜುಲೈವರೆಗೆ ಅದು ಜೀವಂತ. ಆ ಜುಲೈನಲ್ಲಿ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ತಿರುಗಿಬಿದ್ದ ಮೇಲೆ ಎರಡೇ ದಿನಕ್ಕೆ ತಡೆಹಿಡಿಯಿತು. ಹರಿಯಾಣ ಮಾತು ಉಳಿಸಿಕೊಂಡ ರಾಜ್ಯ. 2019ರ ಚುನಾವಣೆಯಲ್ಲಿ ಕೊಟ್ಟ ಭರವಸೆಯಂತೆ ತಿಂಗಳಿಗೆ 30,000 ರೂಪಾಯಿವರೆಗಿನ ಖಾಸಗಿ ಕೆಲಸಗಳಲ್ಲಿ ಶೇ. 75 ಸ್ಥಳೀಯರಿಗೆ ಮೀಸಲಿಡುವ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂತು. 2023ರ ನವೆಂಬರಿನಲ್ಲಿ ಹೈಕೋರ್ಟ್ ಅದು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಇಲ್ಲಿಯೂ ನಾನು ಬೇಡಿಕೆಯನ್ನು ಹೀಗಳೆಯುವುದಿಲ್ಲ. ಜಮೀನು ಬಿಟ್ಟುಕೊಟ್ಟ ಊರಿನ ಹುಡುಗ ಅದೇ ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆಯ ಕಾವಲುಗಾರನಾಗಿ ನಿಲ್ಲುವ ಸ್ಥಿತಿ ಅವಮಾನಕರವೇ. ಆದರೆ ಕಾಯ್ದೆ ಹಂಚುವುದು ಇರುವ ಕೆಲಸಗಳನ್ನು, ಅದೂ ಕಂಪನಿ ಇಲ್ಲೇ ಉಳಿದರೆ.

ಇದನ್ನು ನಾವು ಬೇಗ ಅರ್ಥ ಮಾಡಿಕೊಳ್ಳಬೇಕಿತ್ತು. ಏಕೆಂದರೆ ಬೇರೆಯವರ ಇಂಥದೇ ಭರವಸೆಗಳ ಇನ್ನೊಂದು ತುದಿಯಲ್ಲಿ ಕೂತಿರುವ ಊರು ಬೆಂಗಳೂರು. 2009ರ ಮೇ ತಿಂಗಳಲ್ಲಿ ಒಬಾಮ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸೃಷ್ಟಿಸಿದವನಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸಿದವನಿಗೆ ತೆರಿಗೆ ಕಡಿಮೆ ಬೀಳುವ ವ್ಯವಸ್ಥೆ ಬದಲಾಗಬೇಕು ಎಂದರು. 2010ರಲ್ಲಿ, ನುರಿತ ವಿದೇಶಿ ಕೆಲಸಗಾರರನ್ನು ಕರೆತರುವ ಎಚ್-1ಬಿ ವೀಸಾವನ್ನೇ ನೆಚ್ಚಿದ ಕಂಪನಿಗಳಿಗೆ ಪ್ರತಿ ಅರ್ಜಿಗೆ 2,000 ಡಾಲರ್ ಹೆಚ್ಚುವರಿ ಶುಲ್ಕ ಬಿತ್ತು. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಎಂದು ಘೋಷಿಸಿದರು. ಉದ್ದೇಶ ಒಂದೇ: ಅಮೆರಿಕನ್ನರ ಕೆಲಸ ಅಮೆರಿಕನ್ನರಿಗೆ. ಅಲ್ಲಿನ ವಿದ್ವಾಂಸೆಯೊಬ್ಬರು ಹಿಂದಿನ ವೀಸಾ ನಿರ್ಬಂಧಗಳ ಪರಿಣಾಮವನ್ನು ಕಂಪನಿಗಳ ದಾಖಲೆಗಳಲ್ಲೇ ಹುಡುಕಿದರು. ಬೇಕಾದ ಎಂಜಿನಿಯರ್ ಬರಲಾಗದಿದ್ದಾಗ ಕಂಪನಿಗಳು ಆ ಹುದ್ದೆಯನ್ನೇ ಹೊರಗೆ ಕಳಿಸಿದ್ದವು. ಕೆನಡಾಕ್ಕೆ, ಚೀನಾಕ್ಕೆ, ಭಾರತಕ್ಕೆ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿರುವ ವಿದೇಶಿ ಕಂಪನಿಗಳ ಕೆಲವು ಮಹಡಿಗಳಾದರೂ ಅಮೆರಿಕದ ಮತದಾರರಿಗೆ ಕೊಟ್ಟು, ಉಳಿಸಿಕೊಂಡ ಮಾತಿನ ಫಲ.

ಇನ್ನು ಇಂಥ ಭರವಸೆಗಳನ್ನು ಮತದಾನಕ್ಕೆ ಮೊದಲೇ ತೂಗಿ ನೋಡುವ ಉಪಾಯದ ವಿಷಯ. 2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು. ಭರವಸೆಯ ಹಿಂದಿನ ತರ್ಕವನ್ನೂ ಹಣದ ಮೂಲವನ್ನೂ ಸ್ಥೂಲವಾಗಿ ತಿಳಿಸಬೇಕು ಎಂಬ ಮಾತು ಮಾದರಿ ನೀತಿಸಂಹಿತೆಗೆ ಸೇರಿತು. 2022ರ ಅಕ್ಟೋಬರಿನಲ್ಲಿ ಆಯೋಗ ಒಂದು ನಮೂನೆಯನ್ನೇ ಪ್ರಸ್ತಾಪಿಸಿತು: ಖರ್ಚೆಷ್ಟು, ಆದಾಯ ಎಲ್ಲಿಂದ, ಸಾಲ ಎಷ್ಟು. ಒಳ್ಳೆಯ ಪ್ರಯತ್ನವೇ. ಆದರೆ ವ್ಯಾಪಾರದ ಭರವಸೆಯನ್ನು ಆ ನಮೂನೆಗೆ ತುಂಬಿ ನೋಡಿ. ಸುಂಕ ಖಜಾನೆಗೆ ಖರ್ಚಲ್ಲ, ವರಮಾನ. ಅದು ಆದಾಯದ ಅಂಕಣದಲ್ಲಿ ಗೌರವದಿಂದ ಕೂರುತ್ತದೆ. ಸ್ಥಳೀಯ ಮೀಸಲಿನ ಕಾಯ್ದೆಗೆ ಖಜಾನೆಯಿಂದ ಹೋಗುವುದು ಹೆಚ್ಚು ಕಡಿಮೆ ಸೊನ್ನೆ. ಉಚಿತ ಬಸ್ಸು, ಉಚಿತ ವಿದ್ಯುತ್ತಿನ ಭರವಸೆಗಳು ಈ ಪರೀಕ್ಷೆಯಲ್ಲಿ ಬೆವರುತ್ತವೆ, ಇವು ನಗುತ್ತ ಪಾಸಾಗುತ್ತವೆ. ಇವುಗಳ ವೆಚ್ಚವನ್ನು ಹೊರುವವನು ದೊಡ್ಡಬಳ್ಳಾಪುರದ ಮಗ್ಗದವನು, ಡ್ರೈಯರು ಕೊಂಡ ಗೃಹಿಣಿ, ಮೊಟ್ಟೆ ಮಾರಲಾಗದ ರೈತ. ಅವರಿಗೆ ನಮೂನೆಯಲ್ಲಿ ಅಂಕಣವಿಲ್ಲ.

ಅಂಕಣ ಇರುವ ದೇಶ ಒಂದಿದೆ. ನೆದರ್‌ಲೆಂಡ್ಸ್‌ನಲ್ಲಿ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಮೊದಲ ನಿರ್ದೇಶಕರಾಗಿದ್ದ ಸರ್ಕಾರಿ ಯೋಜನಾ ಸಂಸ್ಥೆಯೊಂದು 1986ರಿಂದ ಚುನಾವಣೆಗೆ ಮೊದಲು ಪಕ್ಷಗಳ ಪ್ರಣಾಳಿಕೆಗಳನ್ನು ಪರಿಶೀಲಿಸುತ್ತ ಬಂದಿದೆ. ಖಜಾನೆಯ ಲೆಕ್ಕ ಮಾತ್ರವಲ್ಲ, ಉದ್ಯೋಗ ಎಷ್ಟು ಹೆಚ್ಚೀತು, ಯಾವ ವರಮಾನದವರ ಕೊಳ್ಳುವ ಶಕ್ತಿ ಎಷ್ಟು ಬದಲಾದೀತು ಎಂಬುದನ್ನೂ ಪ್ರಕಟಿಸುತ್ತದೆ. ಕಡ್ಡಾಯವೇನಿಲ್ಲ, ಪಕ್ಷಗಳೇ ಮುಂದಾಗಿ ಕೊಡುತ್ತವೆ. ಕೊಡದವರನ್ನು ಪತ್ರಕರ್ತರು ಯಾಕೆಂದು ಕೇಳುತ್ತಾರೆ. ಲೆಕ್ಕ ತಪ್ಪಬಹುದು, ಮಾದರಿಗಳ ಬಗ್ಗೆ ಜಗಳಗಳಿವೆ. ಆದರೂ ಮತದಾರನ ಮುಂದೆ ಎರಡನೆಯ ಮಾತಿಗೂ, ಅಂದರೆ ‘ಅದರಿಂದ ಕೆಲಸ ಉಳಿಯುತ್ತದೆ’ ಎನ್ನುವುದಕ್ಕೂ ಒಂದು ಅಂಕಿ ಇರುತ್ತದೆ. ಅಂಥ ಕೆಲಸ ಮಾಡಬಲ್ಲ ಸಂಸ್ಥೆಗಳು ನಮ್ಮಲ್ಲಿ ಇಲ್ಲದಿಲ್ಲ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯೊಂದೇ ಸಾಕು. ಸಾಲದಿರುವುದು ಸಮಯ. 2023ರ ಕರ್ನಾಟಕ ಚುನಾವಣೆಯಲ್ಲಿ ಮತದಾನ ಮೇ 10ರಂದು. ಒಂದು ಪ್ರಮುಖ ಪಕ್ಷದ ಪ್ರಣಾಳಿಕೆ ಮೇ 1ಕ್ಕೆ, ಇನ್ನೊಂದರದು ಮೇ 2ಕ್ಕೆ ಹೊರಬಂದವು. ಎಂಟೊಂಬತ್ತು ದಿನಗಳಲ್ಲಿ ಯಾವ ಸಂಸ್ಥೆ ಏನು ಲೆಕ್ಕ ಹಾಕೀತು? ಪ್ರಚಾರ ಮುಗಿದ ಮೇಲೆ, ಮತದಾನಕ್ಕೆ 48 ಗಂಟೆ ಇರುವಾಗ ಪ್ರಣಾಳಿಕೆ ಬಿಡುಗಡೆ ಮಾಡಬಾರದು ಎಂಬ ನಿಯಮವನ್ನು ಆಯೋಗ 2019ರಲ್ಲಿ ತಂದಿದೆ. ಆ 48 ಗಂಟೆಯನ್ನು 60 ದಿನ ಮಾಡುವುದಕ್ಕೆ ಸಂವಿಧಾನದ ತಿದ್ದುಪಡಿಯೇನೂ ಬೇಕಾಗಿಲ್ಲ.